ಯಾವ ಸಂಘಕ್ಕೆ ಸೇರಬೇಕು? ಮೂಸಿ ದಂಡೆಯ ಚರಿತ್ರೆಯಿಂದ ಒಂದು ಉತ್ತರ

ನಾರಾಯಣಗೂಡ, ಕಾಚಿಗುಡ, ಹಿಮಾಯತ್‌ನಗರಗಳ ಕನ್ನಡಿಗರು ಕಲೆತಾಗ ಈಚೆಗೆ ಒಂದು ಪ್ರಶ್ನೆ ಕೇಳಿಬರುತ್ತಿದೆ: ಪರಿಸರಕ್ಕಾಗಿ ದುಡಿಯುವ ಸಂಘವೊಂದನ್ನು ಸೇರಬೇಕೆಂದಿದೆ, ಯಾವುದನ್ನು ಸೇರೋಣ? ನಿವೃತ್ತಿ ಸಮೀಪಿಸಿದವರು, ಮಕ್ಕಳನ್ನು ಓದಿಗೆಂದು ದೂರ ಕಳಿಸಿ ಸ್ವಲ್ಪ ಬಿಡುವು ಕಂಡವರು ಇದನ್ನು ಕೇಳುವುದು ಹೆಚ್ಚು. ಸಂಘಗಳ ಕರಪತ್ರಗಳಾಗಲಿ, ಸಸಿ ನೆಡುವ ಸಮಾರಂಭದ ಚಿತ್ರಗಳಾಗಲಿ ಇದಕ್ಕೆ ಉತ್ತರ ಹೇಳಲಾರವು. ಈ ನಗರದ ನೀರಿನ ಚರಿತ್ರೆ ಹೇಳಬಲ್ಲದು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿಹಾಕಿತು. ಮಡಿದವರು ಸುಮಾರು 15,000 ಎಂಬುದು ಅಂದಾಜು. ನಿಜಾಮ ಸರ್ಕಾರದ ಕರೆಯ ಮೇರೆಗೆ ಮರುವರ್ಷ ಬಂದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ನಗರದ ಮೇಲ್ಭಾಗದಲ್ಲಿ ಪ್ರವಾಹವನ್ನು ತಡೆದು ನಿಲ್ಲಿಸುವ ಜಲಾಶಯಗಳ ಯೋಜನೆಯನ್ನು ಕೊಟ್ಟರು. ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿ ಸಿದ್ಧವಾದವು. ಪ್ರವಾಹದ ಭಯ ತಗ್ಗಿತು. ಜೊತೆಗೆ ಊರಿಗೆ ಕುಡಿಯುವ ನೀರೂ ದೊರೆಯಿತು.

ಕಟ್ಟಿದ ಮೇಲೆ ಕಾಯುವ ಕೆಲಸ ಬಂತು. 1996ರ ಮಾರ್ಚ್‌ನಲ್ಲಿ ಆಂಧ್ರಪ್ರದೇಶ ಸರ್ಕಾರ ಹೊರಡಿಸಿದ 111ನೆಯ ಸಂಖ್ಯೆಯ ಆದೇಶವು ಈ ಎರಡು ಜಲಾಶಯಗಳ ಸುತ್ತಲಿನ 10 ಕಿಲೋಮೀಟರ್ ವಲಯದಲ್ಲಿ, ಅಂದರೆ 84 ಹಳ್ಳಿಗಳ ವ್ಯಾಪ್ತಿಯಲ್ಲಿ, ಮಾಲಿನ್ಯಕಾರಿ ಕೈಗಾರಿಕೆಗಳನ್ನೂ ದೊಡ್ಡ ಹೋಟೆಲು, ಬಡಾವಣೆಗಳನ್ನೂ ನಿಷೇಧಿಸಿತು. ಅದೇ ವಲಯದಲ್ಲಿ ಹರಳೆಣ್ಣೆಯಿಂದ ರಾಸಾಯನಿಕ ತಯಾರಿಸುವ ಕಾರ್ಖಾನೆಯೊಂದು ಅನುಮತಿ ಕೇಳಿತು. ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಲಿಲ್ಲ. ಮೇಲ್ಮನವಿ ಪ್ರಾಧಿಕಾರ ಕಾರ್ಖಾನೆಯ ಪರ ನಿಂತಿತು. ಆಗ ಮಂಡಳಿಯೊಡನೆ ನ್ಯಾಯಾಲಯದ ಮೆಟ್ಟಿಲೇರಿದ್ದು 'ಸೊಸೈಟಿ ಫಾರ್ ಪ್ರಿಸರ್ವೇಶನ್ ಆಫ್ ಎನ್ವಿರಾನ್‌ಮೆಂಟ್ ಅಂಡ್ ಕ್ವಾಲಿಟಿ ಆಫ್ ಲೈಫ್' ಎಂಬ ನಾಗರಿಕರ ಸಂಘ. ಸರ್ವೋಚ್ಚ ನ್ಯಾಯಾಲಯವು 1999ರ ತೀರ್ಪಿನಲ್ಲಿ ಮುನ್ನೆಚ್ಚರಿಕೆಯ ತತ್ತ್ವವನ್ನು ವಿವರಿಸಿತು: ಕೆಡುಕಾಗುವುದಿಲ್ಲವೆಂದು ತೋರಿಸುವ ಹೊಣೆ, ಇರುವ ಸ್ಥಿತಿಯನ್ನು ಬದಲಿಸಹೊರಟವನದು. 2000ದ ಡಿಸೆಂಬರ್ 1ರಂದು ಕಾರ್ಖಾನೆಗೆ ಅನುಮತಿ ನಿರಾಕರಣೆಯಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಮ್ಮ ಪ್ರಶ್ನೆಗೆ ಉತ್ತರ ಸುಲಭವಿತ್ತು: ಮೊಕದ್ದಮೆ ಗೆಲ್ಲುವ ಸಂಘವನ್ನು ಸೇರಿರಿ. ಆದರೆ ಕೃಷ್ಣಾ, ಗೋದಾವರಿಗಳ ನೀರು ನಗರಕ್ಕೆ ಬಂದ ಮೇಲೆ ಈ ಜಲಾಶಯಗಳನ್ನೇ ನೆಚ್ಚಬೇಕಾಗಿಲ್ಲ ಎಂಬ ವಾದ ಬಲಗೊಂಡಿತು. ನೆರೆಯ ಊರುಗಳ ಜಮೀನಿಗೆ ಬೆಲೆ ಏರುತ್ತಿರುವಾಗ ತಮ್ಮದು ಮಾತ್ರ ಕಟ್ಟಿಹಾಕಿದಂತಿದೆ ಎಂಬ 84 ಹಳ್ಳಿಗಳ ರೈತರ ಅಳಲೂ ಹುಸಿಯಲ್ಲ. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ 69ನೆಯ ಸಂಖ್ಯೆಯ ಆದೇಶದಿಂದ ಹಳೆಯ ನಿರ್ಬಂಧಗಳನ್ನು ತೆಗೆದಿತು. ನೀರಿನ ಗುಣ ಕೆಡಬಾರದೆಂಬ ಷರತ್ತನ್ನು ಮಾತ್ರ ಇಟ್ಟಿತು. ಇಪ್ಪತ್ತೆರಡು ವರ್ಷಗಳ ಹಿಂದಿನ ಗೆಲುವು ಹೀಗೆ ಒಂದು ಷರತ್ತಿಗೆ ಇಳಿಯಿತು. ನೀರು ಕೆಟ್ಟಿದೆಯೋ ಇಲ್ಲವೋ ಎಂದು ವರ್ಷವರ್ಷವೂ ನೋಡುವವರು ಯಾರು? ನೀರಿನ ಮಾದರಿಯನ್ನು ಪರೀಕ್ಷಿಸುವ ಸರ್ಕಾರಿ ಸಂಸ್ಥೆ ನಮ್ಮ ನಾರಾಯಣಗೂಡದಲ್ಲೇ ಇದೆ. ಆದರೆ ಪ್ರಯೋಗಾಲಯ ತನ್ನ ಮುಂದೆ ಬಂದ ಸೀಸೆಯನ್ನು ನೋಡೀತು. ಕೆರೆಯ ದಂಡೆಯಲ್ಲಿ ಏನಾಗುತ್ತಿದೆಯೆಂದು ನೋಡಬೇಕಾದವರು ನಾಗರಿಕರು.

ನೋಡುವ ಈ ಕೆಲಸವನ್ನೇ ನಿತ್ಯವ್ರತವಾಗಿಸಿಕೊಂಡ ಸಂಘವೊಂದು ಹೈದರಾಬಾದಿನಲ್ಲಿದೆ. 1980ರಲ್ಲಿ ಆಂಧ್ರಪ್ರದೇಶದ ಪಕ್ಷಿವೀಕ್ಷಕರ ಸಂಘವಾಗಿ ಹುಟ್ಟಿ ಈಗ 'ಡೆಕ್ಕನ್ ಬರ್ಡರ್ಸ್' ಎನಿಸಿಕೊಂಡಿರುವ ಈ ಗುಂಪು ಕೆರೆ ಕಾಡುಗಳನ್ನು ಸುತ್ತುತ್ತದೆ, ಕಂಡ ಹಕ್ಕಿಗಳನ್ನು ಪಟ್ಟಿಮಾಡುತ್ತದೆ. ಘೋಷಣೆಯಿಲ್ಲದ ಕೆಲಸ. ಆದರೆ ಕೆರೆಯೊಂದರ ಹಕ್ಕಿಗಳು ಕಡಿಮೆಯಾಗಿವೆ ಎಂದು ಹೇಳಬೇಕಾದರೆ ಮೊದಲು ಎಷ್ಟಿದ್ದವೆಂದು ಯಾರಾದರೂ ಬರೆದಿಟ್ಟಿರಬೇಕಷ್ಟೆ.

ಇನ್ನೊಂದು ಬಗೆಯ ಸಂಘಟನೆ ಬೀದರಿನ ಗಡಿಗೆ ಹತ್ತಿರದ ಜಹೀರಾಬಾದ್ ಸೀಮೆಯಲ್ಲಿದೆ. 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ದಶಕಗಳ ಕಾಲ ಮುನ್ನಡೆಸಿದವರು ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ದುಡಿದು ಬಂದ ಪಿ. ವಿ. ಸತೀಶ್. ದಲಿತ ಹೆಣ್ಣುಮಕ್ಕಳ ಸಂಘಗಳು ಅಲ್ಲಿ ಸಿರಿಧಾನ್ಯಗಳ ಬೀಜವನ್ನು ತಾವೇ ಕಾಪಿಟ್ಟುಕೊಂಡವು, ಕ್ಯಾಮೆರಾ ಹಿಡಿದು ತಮ್ಮ ಹೊಲದ ಕಥೆಯನ್ನು ತಾವೇ ಚಿತ್ರಿಸಿದವು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಸಂದಿತು. 2023ರಲ್ಲಿ ಸತೀಶ್ ತೀರಿಕೊಂಡರು. ಬೀಜದ ಗಡಿಗೆಗಳು ಆ ಹೆಣ್ಣುಮಕ್ಕಳ ಮನೆಗಳಲ್ಲಿವೆ.

ತವರಿನ ನಿದರ್ಶನವೂ ಇದನ್ನೇ ಹೇಳುತ್ತದೆ. ಹಳ್ಳಿಗರ ಸಮುದಾಯದ ಭೂಮಿಯನ್ನು ನೀಲಗಿರಿ ನೆಡುತೋಪಿಗೆ ಕೊಟ್ಟದ್ದರ ವಿರುದ್ಧ ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಶಿವರಾಮ ಕಾರಂತರೊಡನೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅಷ್ಟಕ್ಕೇ ನಿಲ್ಲದೆ 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. ದಿಲ್ಲಿಯ ಅರ್ಜಿಗೆ ಬಲ ಬಂದದ್ದು ಹಳ್ಳಿಯ ಕೈಗಳಿಂದ.

ನನ್ನಂತಹ ಕೇಂದ್ರ ಸರ್ಕಾರಿ ನೌಕರರಿಗೆ ಇನ್ನೊಂದು ಲೆಕ್ಕವಿದೆ. 1964ರ ನಡತೆ ನಿಯಮಗಳು ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸಲು ಬಿಡುವುದಿಲ್ಲ; ಪೂರ್ವಾನುಮತಿಯಿಲ್ಲದೆ ವಂತಿಗೆ ಎತ್ತುವಂತಿಲ್ಲ, ಚುನಾಯಿತ ಹುದ್ದೆ ಹಿಡಿಯುವಂತಿಲ್ಲ. ಆದರೆ ಕಚೇರಿಯ ಕೆಲಸಕ್ಕೆ ಕುಂದು ಬಾರದಂತೆ ಸಂಬಳವಿಲ್ಲದ ಸಮಾಜಸೇವೆ ಮಾಡಲು ಅಡ್ಡಿಯಿಲ್ಲ. ನಮ್ಮ ಪಾಲಿಗೆ ಮೆರವಣಿಗೆಗಿಂತ ಎಣಿಕೆ, ಭಾಷಣಕ್ಕಿಂತ ದಾಖಲೆ ಹೊಂದುತ್ತದೆ. ಕಡತವನ್ನು ಅಚ್ಚುಕಟ್ಟಾಗಿ ಇಡಲು ಬಲ್ಲವರಿಗೆ ಇದೇನು ಸಣ್ಣ ಕೆಲಸವಲ್ಲ.

ಆದ್ದರಿಂದ ಸೇರುವ ಮುನ್ನ ಮೂರು ಮಾತು ಕೇಳಿ ನೋಡಿ. ಈ ಸಂಘ ಕಾಯುತ್ತಿರುವ ಕೆರೆ, ಗುಡ್ಡ, ಹೊಲ ಯಾವುದು? ಹೆಸರಿಟ್ಟು ಹೇಳಬಲ್ಲರೇ? ಹತ್ತು ವರ್ಷದ ಹಿಂದೆ ಅದು ಹೇಗಿತ್ತೆಂಬ ದಾಖಲೆ ಅವರ ಬಳಿ ಇದೆಯೇ? ವಂತಿಗೆ ಕೊಡುವುದರಾಚೆ ಸಾಮಾನ್ಯ ಸದಸ್ಯನಿಗೆ ಮುಂದಿನ ತಿಂಗಳು ಏನು ಕೆಲಸವಿದೆ? ಮೂರಕ್ಕೂ ನೇರ ಉತ್ತರ ಕೊಡುವ ಸಂಘ ಚಿಕ್ಕದಾದರೂ ಚಿಂತೆಯಿಲ್ಲ. ಆದೇಶಗಳು ಬರುತ್ತವೆ, ಹೋಗುತ್ತವೆ. ಷರತ್ತಿನ ಮೇಲೆ ಕಣ್ಣಿಟ್ಟವರು ಇರುವಷ್ಟು ಕಾಲವೇ ನೀರಿಗೆ ರಕ್ಷೆ.