ಬಾದಲ್ ನಂಜುಂಡಸ್ವಾಮಿ: ರಸ್ತೆಗುಂಡಿಯಿಂದ ಪರದೆಯವರೆಗೆ

ಬಾದಲ್ ನಂಜುಂಡಸ್ವಾಮಿ ಮೈಸೂರು ಮೂಲದ ಚಿತ್ರಕಲಾವಿದರು. ‘ಕಾವಾ’ ಎಂದೇ ಪರಿಚಿತವಾದ ಅಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ಅವರು, ಬೆಂಗಳೂರಿನ ಹದಗೆಟ್ಟ ರಸ್ತೆಗಳನ್ನೇ ಚಿತ್ರಪಟವಾಗಿಸಿಕೊಂಡು ಪ್ರಸಿದ್ಧರಾದರು. ಬಣ್ಣ ಮತ್ತು ಕುಂಚದಿಂದ ಆರಂಭವಾದ ಈ ಪಯಣ ನಾಲ್ಕೇ ವರ್ಷಗಳಲ್ಲಿ ಮೊಬೈಲ್ ಪರದೆಯ ಮೇಲಿನ ಚಲನಚಿತ್ರಿಕೆಯಾಗಿ ರೂಪಾಂತರ ಹೊಂದಿದ ಬಗೆ ಗಮನಾರ್ಹವಾದುದು.

ಅವರ ಹೆಸರು ಕರ್ನಾಟಕದ ಗಡಿಯನ್ನು ದಾಟಿದ್ದು ಉತ್ತರ ಬೆಂಗಳೂರಿನಿಂದ. ಆರ್.ಟಿ. ನಗರಕ್ಕೆ ಹೊಂದಿಕೊಂಡ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ಸುಮಾರು 12 ಅಡಿ ಉದ್ದದ ಗುಂಡಿಯೊಂದು ಬಹುದಿನಗಳಿಂದ ಬಾಯ್ದೆರೆದುಕೊಂಡಿತ್ತು. 2015ರ ಜೂನ್ ತಿಂಗಳಲ್ಲಿ ನಂಜುಂಡಸ್ವಾಮಿ ಅದರ ಸುತ್ತ ಬಣ್ಣ ಬಳಿದು ಹೊಂಡದ ರೂಪ ಕೊಟ್ಟರು. ನಡುವೆ ಫೈಬರಿನಿಂದ ಮಾಡಿದ, ಸುಮಾರು 20 ಕಿಲೋ ತೂಕದ ಮೊಸಳೆಯೊಂದನ್ನು ಇಳಿಬಿಟ್ಟರು. ಖರ್ಚಾದದ್ದು ಆರು ಸಾವಿರ ರೂಪಾಯಿ ಎಂದು ಆಗ ವರದಿಯಾಗಿತ್ತು. ದಾರಿಹೋಕರು ನಿಂತು ನೋಡಿದರು, ಫೋಟೊ ತೆಗೆದರು; ಚಿತ್ರಗಳು ದೇಶ-ವಿದೇಶಗಳ ಪತ್ರಿಕೆಗಳನ್ನು ತಲುಪಿದವು. ಗುಂಡಿಯನ್ನು ಮುಚ್ಚಲಾಯಿತು. ಅರ್ಜಿಗಳಿಂದ ಆಗದ ಕೆಲಸ ಫೈಬರ್ ಮೊಸಳೆಯಿಂದ ಆಯಿತೆಂದು ಜನ ನಕ್ಕದ್ದರಲ್ಲಿ ಕಹಿಯೂ ಇತ್ತು.

ಈ ಬಗೆಯ ಕಲೆಗೆ ಹಳೆಯದೊಂದು ಹಿನ್ನೆಲೆಯಿದೆ. ನೆಲದ ಮೇಲಿನ ಸಪಾಟು ಚಿತ್ರವನ್ನು ಲೆಕ್ಕಾಚಾರದಿಂದ ಎಳೆದು, ಹಿಗ್ಗಿಸಿ ಬರೆದರೆ ಒಂದು ನಿರ್ದಿಷ್ಟ ಜಾಗದಲ್ಲಿ ನಿಂತವನಿಗೆ ಮಾತ್ರ ಅದು ಆಳ-ಎತ್ತರಗಳುಳ್ಳ ವಸ್ತುವಾಗಿ ಕಾಣುತ್ತದೆ. ಎರಡು ಹೆಜ್ಜೆ ಆಚೆ ಸರಿದರೆ ಅರ್ಥವಿಲ್ಲದ ಬಣ್ಣದ ಪಟ್ಟಿ. ಹಾನ್ಸ್ ಹೋಲ್ಬೈನ್ 1533ರಲ್ಲಿ ರಚಿಸಿದ ‘ರಾಯಭಾರಿಗಳು’ ಚಿತ್ರದ ತಲೆಬುರುಡೆ, ಪಕ್ಕದಿಂದ ನೋಡಿದಾಗಲೇ ಬುರುಡೆಯಾಗುತ್ತದೆ. ಇಂಗ್ಲೆಂಡಿನ ಜೂಲಿಯನ್ ಬೀವರ್ ಪಾದಚಾರಿ ಮಾರ್ಗಗಳ ಮೇಲೆ ಸೀಮೆಸುಣ್ಣದಿಂದ ಇದನ್ನೇ ಜನಪ್ರಿಯಗೊಳಿಸಿದರು. ಆ ಒಂದು ಜಾಗದಲ್ಲಿ ಕಣ್ಣಿಗಿಂತ ಚೆನ್ನಾಗಿ ನಿಲ್ಲುವುದು ಕ್ಯಾಮೆರಾ. ಹೀಗಾಗಿ ಬೀದಿಯ ತ್ರೀಡಿ ಚಿತ್ರ ಹುಟ್ಟುವಾಗಲೇ ಅರ್ಧ ಛಾಯಾಚಿತ್ರ. ಅದಕ್ಕೆ ಹೊರತಾಗಿ ಅದರ ಆಯುಷ್ಯವೂ ಕಡಿಮೆ: ಮಳೆ, ಚಕ್ರ, ಡಾಂಬರು, ಮೂರೂ ಅದಕ್ಕೆ ಶತ್ರುಗಳೇ.

2017ರಲ್ಲಿ ಕಬ್ಬನ್ ಪಾರ್ಕ್ ಬಳಿ ರಸ್ತೆಗುಂಡಿಯೊಂದು ಕೊಳವಾಯಿತು. ಚಿತ್ರನಟಿ ಸೋನು ಗೌಡ ಮತ್ಸ್ಯಕನ್ಯೆಯ ವೇಷದಲ್ಲಿ ಅದರಲ್ಲಿ ಕುಳಿತರು. ಮೊಸಳೆಯ ಜಾಗಕ್ಕೆ ಜೀವಂತ ವ್ಯಕ್ತಿ ಬಂದದ್ದು ಮುಂದಿನ ಹೆಜ್ಜೆಗೆ ದಾರಿಯಾಯಿತು.

ಆ ಹೆಜ್ಜೆ ಅಕ್ಷರಶಃ ಹೆಜ್ಜೆಯೇ. 2019ರ ಸೆಪ್ಟೆಂಬರ್ ಆರಂಭದಲ್ಲಿ, ಚಂದ್ರಯಾನ-2ರ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿಯುವುದನ್ನು ದೇಶವೇ ಎದುರು ನೋಡುತ್ತಿದ್ದಾಗ, ಸುಮಾರು ಒಂದು ನಿಮಿಷದ ವಿಡಿಯೊವೊಂದನ್ನು ಅವರು ಟ್ವಿಟರಿನಲ್ಲಿ ಪ್ರಕಟಿಸಿದರು. ಕತ್ತಲಲ್ಲಿ ಬಿಳಿ ಉಡುಪಿನ ಗಗನಯಾತ್ರಿಯೊಬ್ಬ ಕುಳಿಗಳ ನಡುವೆ ತೇಲುವಂತೆ ನಿಧಾನವಾಗಿ ಅಡಿಯಿಡುತ್ತಾನೆ. ಅಷ್ಟರಲ್ಲಿ ಪಕ್ಕದಲ್ಲೇ ಆಟೋರಿಕ್ಷಾ ಹಾದುಹೋಗುತ್ತದೆ. ಚಂದ್ರನ ನೆಲವೆಂದು ಕಂಡದ್ದು ಹೇರೋಹಳ್ಳಿಯ ತುಂಗಾನಗರ ಮುಖ್ಯರಸ್ತೆ. ಗಗನಯಾತ್ರಿ ರಂಗನಟ ಪೂರ್ಣಚಂದ್ರ ಮೈಸೂರು.  ಇಲ್ಲಿ ಮುಖ್ಯವಾದದ್ದು ಬೆಳಕು, ಚೌಕಟ್ಟು, ಕಾಲದ ಲೆಕ್ಕ. ಆಟೋ ಯಾವ ಕ್ಷಣದಲ್ಲಿ ಬರಬೇಕೆಂಬುದರಲ್ಲೇ ಕೃತಿಯ ಜೀವವಿದೆ. ಸ್ಥಳದಲ್ಲಿ ನಿಂತು ನೋಡಿದವರಿಗೆ ಈ ಬೆರಗು ಸಿಗಲಾರದು. ಅದು ಪರದೆಯ ಮೇಲೆ ಮಾತ್ರ ಸಂಭವಿಸುತ್ತದೆ.

ಕಂಪ್ಯೂಟರಿನಲ್ಲಿಯೇ ರಚಿಸಿದ ಚಿತ್ರವನ್ನು ಮಾತ್ರ ಡಿಜಿಟಲ್ ಕಲೆಯೆಂದು ಕರೆಯುವವರು ಇದನ್ನು ಆ ಸಾಲಿಗೆ ಸೇರಿಸಲಿಕ್ಕಿಲ್ಲ. ಆದರೆ ಸುಲ್ತಾನ್‌ಪಾಳ್ಯದಲ್ಲಿ ಛಾಯಾಚಿತ್ರ ಕೃತಿಯ ದಾಖಲೆಯಾಗಿತ್ತು, ಹೇರೋಹಳ್ಳಿಯಲ್ಲಿ ವಿಡಿಯೊವೇ ಕೃತಿಯಾಯಿತು. ಈ ವ್ಯತ್ಯಾಸ ಸಣ್ಣದಲ್ಲ.

ವಿಡಿಯೊ ಹರಡಿದ ಬೆನ್ನಲ್ಲೇ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಆ ರಸ್ತೆಯ ದುರಸ್ತಿಗೆ ಕೈಹಾಕಿತು. ಕ್ಯಾಮೆರಾ ಬಾರದ ಬೀದಿಗಳ ಗುಂಡಿಗಳಿಗೆ ಈ ಭಾಗ್ಯವಿರಲಿಲ್ಲವೆಂಬ ಟೀಕೆ ಕಲಾವಿದನಿಗಿಂತ ಆಡಳಿತಕ್ಕೇ ಹೆಚ್ಚು ಸಲ್ಲುತ್ತದೆ. ಇಂಥ ಕೃತಿಗಳನ್ನು ಯಾವ ಗ್ಯಾಲರಿಯೂ ಕೊಂಡು ಗೋಡೆಗೆ ತೂಗುಹಾಕಲಾಗದು. ಡಾಂಬರು ಬಿದ್ದ ದಿನ ಅವು ನೆಲದಿಂದ ಅಳಿಯುತ್ತವೆ. ಅಳಿಯಲೆಂದೇ ಅವುಗಳನ್ನು ರಚಿಸಲಾಗಿರುತ್ತದೆ. ಪಾಲಿಕೆಯೂ 2025ರಲ್ಲಿ ಐದು ನಗರಪಾಲಿಕೆಗಳಾಗಿ ಹಂಚಿಹೋಯಿತು. ಗಗನಯಾತ್ರಿಯ ಆ ಒಂದು ನಿಮಿಷದ ನಡಿಗೆಯನ್ನು ಜನ ಇಂದಿಗೂ ತಮ್ಮ ಮೊಬೈಲುಗಳಲ್ಲಿ ನೋಡುತ್ತಾರೆ.