ಅಯ್ಯಾವೊಳೆ ಐನೂರ್ವರು: ವಾಣಿಜ್ಯ ಮತ್ತು ಧರ್ಮ

ಮಧ್ಯಕಾಲೀನ ಕರ್ನಾಟಕದ ಆರ್ಥಿಕ ಇತಿಹಾಸದಲ್ಲಿ ವರ್ತಕ ಸಂಘಗಳಿಗೆ ವಿಶಿಷ್ಟವಾದ ಸ್ಥಾನವಿದೆ. ಅವುಗಳಲ್ಲಿ ಅಗ್ರಗಣ್ಯವಾದುದು ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’. ಕರ್ನಾಟಕ, ಆಂಧ್ರ, ತಮಿಳುನಾಡುಗಳ ಶಾಸನಗಳಲ್ಲಷ್ಟೇ ಅಲ್ಲದೆ, ಸುಮಾತ್ರಾದ ಲೋಬು ತುವಾದಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಉಲ್ಲೇಖವಿದೆ. ಈ ಸಂಘದ ವ್ಯಾಪ್ತಿಯನ್ನು ಕುರಿತು ವಿದ್ವಾಂಸರು ವಿಪುಲವಾಗಿ ಚರ್ಚಿಸಿದ್ದಾರೆ. ಅದು ತನ್ನ ನಡಾವಳಿಯನ್ನು ‘ವೀರಬಣಂಜು ಧರ್ಮ’ ಎಂದು ಕರೆದುಕೊಂಡುದರ ಅರ್ಥವೂ ಅಷ್ಟೇ ವಿಚಾರಾರ್ಹವಾದುದು.

ಐನೂರ್ವರ ಪ್ರಶಸ್ತಿಗಳಲ್ಲಿ ಸಂಪತ್ತಿನ ವರ್ಣನೆಗಿಂತ ಮೊದಲು ಸತ್ಯ, ಶೌಚ, ಆಚಾರ, ನಯ, ವಿನಯಗಳು ಬರುತ್ತವೆ. ಶಿಕಾರಿಪುರದ ಪ್ರಸಿದ್ಧ ಶಾಸನವೊಂದು ಕುದುರೆ, ಆನೆ, ರತ್ನ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳ ವ್ಯಾಪಾರವನ್ನು ವರ್ಣಿಸಿ, ಗಳಿಕೆಯಿಂದ ಅರಸನ ಭಂಡಾರ ತುಂಬುವುದನ್ನೂ ಉಳಿದುದು ಪಂಡಿತರಿಗೆ, ಮುನಿಗಳಿಗೆ ದಾನವಾಗುವುದನ್ನೂ ತಿಳಿಸುತ್ತದೆ. ವರ್ತಕರು ತಾವು ಮಾರುವ ಸರಕಿನ ಮೇಲೆ ತಾವೇ ಆಯವನ್ನು ವಿಧಿಸಿಕೊಂಡು ದೇವಾಲಯಗಳಿಗೆ ಬಿಟ್ಟುಕೊಟ್ಟ ನಿದರ್ಶನಗಳೂ ಹೇರಳವಾಗಿವೆ. ಅಡಕೆ, ಮೆಣಸು, ಎಣ್ಣೆ, ವೀಳ್ಯದೆಲೆಗಳ ಮೇಲಿನ ಇಂತಹ ದತ್ತಿಗಳು ಸಂತೆಯ ದೈನಂದಿನ ವ್ಯವಹಾರವನ್ನೇ ಧರ್ಮಕಾರ್ಯದೊಡನೆ ಬೆಸೆದವು.

ಇದಕ್ಕೆ ಪ್ರಾಯೋಗಿಕ ಕಾರಣವೂ ಇದ್ದಿತು. ಹಲವು ರಾಜ್ಯಗಳನ್ನು ದಾಟಿ ಹೋಗುವ ವರ್ತಕನಿಗೆ ಯಾವುದೇ ಒಬ್ಬ ಅರಸನ ರಕ್ಷಣೆ ಸಾಲುತ್ತಿರಲಿಲ್ಲ. ಅಪರಿಚಿತ ಪಟ್ಟಣದಲ್ಲಿ ಅವನ ಮಾತಿಗೆ ಬೆಲೆ ತಂದುಕೊಡುತ್ತಿದ್ದುದು ಸಂಘದ ಹೆಸರು. ಒಬ್ಬನ ವಂಚನೆ ಎಲ್ಲರ ಹೆಸರನ್ನು ಕೆಡಿಸಬಲ್ಲುದಾದ್ದರಿಂದ, ಸತ್ಯವು ವೈಯಕ್ತಿಕ ಗುಣವಾಗಿರುವಂತೆಯೇ ಸಮೂಹದ ಬಂಡವಾಳವೂ ಆಗಿದ್ದಿತೆನ್ನಬಹುದು.

ಆದರೆ ಪ್ರಶಸ್ತಿಗಳು ಆತ್ಮಪ್ರಶಂಸೆಯ ಪಠ್ಯಗಳೆಂಬುದನ್ನು ಮರೆಯಲಾಗದು. ವರ್ತಕರು ವಾಸ್ತವವಾಗಿ ಹೇಗೆ ನಡೆದುಕೊಂಡರೆಂಬುದಕ್ಕಿಂತ ಹೇಗೆ ಕಾಣಿಸಿಕೊಳ್ಳಬಯಸಿದರೆಂಬುದನ್ನು ಅವು ಹೇಳುತ್ತವೆ. ಮೇಲಾಗಿ ವೀರಬಣಂಜು ಧರ್ಮವು ಸಂಘದ ಹಕ್ಕುಬಾಧ್ಯತೆಗಳ ಕಟ್ಟಳೆಯೂ ಆಗಿದ್ದು, ಅದರ ರಕ್ಷಣೆಗೆ ಆಯುಧಬಲವೂ ಒದಗುತ್ತಿದ್ದಿತು. ಗಳಿಕೆಯ ಮಿತಿಯೇನೆಂಬ ಪ್ರಶ್ನೆಗೆ ಈ ಶಾಸನಗಳಲ್ಲಿ ನೇರವಾದ ಉತ್ತರ ದೊರೆಯುವುದಿಲ್ಲ.

ಆ ಪ್ರಶ್ನೆಯನ್ನು ನಿಷ್ಠುರವಾಗಿ ಎತ್ತಿದವರು 12ನೆಯ ಶತಮಾನದ ಶರಣರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ಲಕ್ಕಮ್ಮ ತಡೆದು ಹಿಂದಿರುಗಿಸಲು ಹೇಳಿದಳೆಂಬ ಪ್ರಸಂಗ ಸುಪರಿಚಿತ. ಐನೂರ್ವರ ನೀತಿ ಗಳಿಸಿದುದರಲ್ಲಿ ದಾನವನ್ನು ಬಯಸಿದರೆ, ಕಾಯಕದ ನೀತಿ ಗಳಿಕೆಯ ಪ್ರಮಾಣವನ್ನೇ ಪ್ರಶ್ನಿಸಿತು. ಸೌರಾಷ್ಟ್ರದಿಂದ ಪುಲಿಗೆರೆಗೆ ವ್ಯಾಪಾರಕ್ಕೆಂದು ಬಂದು ಶರಣನಾದನೆಂದು ಪ್ರತೀತಿಯಿರುವ ಆದಯ್ಯನ ಕಥೆ ಈ ಎರಡು ಲೋಕಗಳು ಪರಸ್ಪರ ದೂರವಿರಲಿಲ್ಲವೆಂಬುದನ್ನು ಸೂಚಿಸುತ್ತದೆ.

ಹೀಗೆ ಕರ್ನಾಟಕದ ವಾಣಿಜ್ಯ ನೀತಿಯನ್ನು ವರ್ತಕರ ಶಾಸನಗಳಿಂದ ಮಾತ್ರ ಅರಿಯಲಾಗದು. ವಿಶ್ವಾಸವನ್ನು ಕಟ್ಟಿದ ಶಾಸನ, ಲೋಭವನ್ನು ತಡೆದ ವಚನ ಇವೆರಡನ್ನೂ ಜೊತೆಗಿರಿಸಿ ಓದಿದಾಗಲೇ ಅದರ ಪೂರ್ಣಸ್ವರೂಪ ಗೋಚರಿಸುತ್ತದೆ.