ಠಾಣೆಯಲ್ಲಿ ಆಡಿಸಿದ ಮಾತು

ಆರೋಪಿ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡನೆಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಸಾಮಾನ್ಯ ಮೊಕದ್ದಮೆಯಲ್ಲಿ ಆ ಒಪ್ಪಿಗೆಗೆ ನ್ಯಾಯಾಲಯದಲ್ಲಿ ಕವಡೆ ಕಿಮ್ಮತ್ತೂ ಇಲ್ಲ.

ಬಳ್ಳಾರಿ, ಕೆನರಾ ಜಿಲ್ಲೆಗಳು ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕಾಲ. ಕಂದಾಯ ವಸೂಲಿಗೂ ಕಳ್ಳತನದ ತನಿಖೆಗೂ ಅಲ್ಲಿ ಚಿತ್ರಹಿಂಸೆ ಕೊಡುತ್ತಾರೆಂಬ ದೂರು ಬ್ರಿಟಿಷ್ ಪಾರ್ಲಿಮೆಂಟಿನವರೆಗೂ ಹೋಯಿತು. ಮದರಾಸಿನಲ್ಲಿ ನೇಮಕವಾದ ಮೂವರ ಆಯೋಗ 1855ರಲ್ಲಿ ವರದಿ ಕೊಟ್ಟಿತು: ದೂರು ನಿಜ. ಬೆರಳುಗಳನ್ನು ಮರದ ಇಕ್ಕುಳದಲ್ಲಿ ಹಿಸುಕುವ ‘ಕಿಟ್ಟಿ’, ತಲೆ ಬಗ್ಗಿಸಿ ಕಾಲಿಗೆ ಕಟ್ಟಿಹಾಕುವುದು ಎಲ್ಲವೂ ಅದರ ಪುಟಗಳಲ್ಲಿವೆ. ಆಗ ಕಂದಾಯದವರೇ ಪೊಲೀಸರೂ ಆಗಿದ್ದರೆಂಬುದನ್ನು ಮರೆಯಬಾರದು.

1861ರ ದಂಡ ಪ್ರಕ್ರಿಯಾ ಸಂಹಿತೆ ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಹೊರಗಿಟ್ಟಿತು. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಅದನ್ನೇ ಉಳಿಸಿತು. ಆದರೆ 27ನೇ ಕಲಂ ಒಂದು ಕಿಂಡಿ ಬಿಟ್ಟಿತು: ಆರೋಪಿಯ ಮಾತಿನಿಂದ ಕತ್ತಿಯೋ ಒಡವೆಯೋ ಸಿಕ್ಕಿದರೆ, ಅದಕ್ಕೆ ಸಂಬಂಧಿಸಿದಷ್ಟು ಮಾತು ಸಾಕ್ಷ್ಯ. ಬಲವಂತದಿಂದ ಆಡಿಸಿದ್ದರೆ ಅದೂ ನಿಲ್ಲದೆಂದು 1961ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಲಾಕಪ್ಪಿನೊಳಗಿನ ಬಲವಂತವನ್ನು ತೋರಿಸಿಕೊಡಬೇಕಾದವನು ಮಾತ್ರ ಆರೋಪಿಯೇ!

ಲಾಠಿಯ ಬದಲು ಸೂಜಿ ಬಂದರೆ? ಮಂಪರು ಪರೀಕ್ಷೆಗೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಹೆಸರಾಗಿತ್ತು. ಒಪ್ಪಿಗೆಯಿಲ್ಲದೆ ಯಾರಿಗೂ ಆ ಪರೀಕ್ಷೆ ಮಾಡಕೂಡದೆಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಒಪ್ಪಿ ಮಾಡಿಸಿಕೊಂಡರೂ ಫಲಿತಾಂಶವೇ ಸಾಕ್ಷ್ಯವಲ್ಲ. ಅದರ ನೆರವಿನಿಂದ ಆಮೇಲೆ ಪತ್ತೆಯಾದದ್ದಕ್ಕೆ 27ನೇ ಕಲಮಿನ ಕಿಂಡಿ ತೆರೆದೇ ಇತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿ ಆ ನಿಷೇಧವೂ ಈ ಕಿಂಡಿಯೂ ಒಟ್ಟಿಗೇ ಇವೆ.